ಸೆರಗಿನಿಂದ ಕಿತ್ತ ಎಳೆ

ಇದು ಶುರುವಾದದ್ದು ಶ್ರಾವಣದಲ್ಲಿ, ನನ್ನ ಮೊಮ್ಮಗಳು ಅನುಷಾಳ ಮದುವೆಯ ಮಧ್ಯಾಹ್ನ, ಎರಡನೇ ಪಂಕ್ತಿಯವರು ಎಲೆಯ ಮುಂದೆ ಕೂತಿದ್ದ ಹೊತ್ತಿನಲ್ಲಿ. ಸಾತನೂರಿನ ಛತ್ರದ ಹಿಂದುಗಡೆ, ಪಾತ್ರೆ ತೊಳೆಯುವ ಜಾಗದಲ್ಲಿ ನಿಂತು ನನ್ನ ಗೆಳೆಯ ವಹಾಬ್ ಬೆಂಕಿಕಡ್ಡಿ ಗೀರಿದ. ಅವನ ಎಡಗೈಯಲ್ಲಿ ಮದುವಣಗಿತ್ತಿಯ ಸೀರೆ ಕುಚ್ಚಿನಿಂದ ಕಿತ್ತ ಒಂದು ಎಳೆ ಇತ್ತು. ಕೇಳಿಯೇ ಕಿತ್ತಿದ್ದ. "ಒಂದೇ ಎಳೆ ಕಣ್ ತಾತ, ಸೆರಗೆಲ್ಲ ಸುಟ್ಟಾಕ್ಬುಟ್ಟೀಯ" ಎಂದು ಅನುಷಾ ನಕ್ಕಿದ್ದಳು.

ವಹಾಬ್ ರಾಮನಗರದ ರೀಲರ್. ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವುದು ಅವನ ಕಸುಬು. ನಾನು ಹುಳ ಸಾಕಲು ಶುರುಮಾಡಿದಾಗಿನಿಂದ, ಅಂದರೆ ನನ್ನ ಮೀಸೆ ಕಪ್ಪಗಿದ್ದ ಕಾಲದಿಂದ, ಮಾರುಕಟ್ಟೆಯಲ್ಲಿ ನನ್ನ ಗೂಡು ಹೆಚ್ಚಾಗಿ ಅವನ ಪಾಲಿಗೇ ಹೋಗುತ್ತಿತ್ತು. ಹರಾಜಿನಲ್ಲಿ ಜಗಳವಾಡಿ, ಆಮೇಲೆ ಒಂದೇ ಲೋಟದ ಟೀಯನ್ನು ಇಬ್ಬರೂ ಹಂಚಿಕೊಳ್ಳುತ್ತಿದ್ದೆವು.

ಎಳೆ ಸುಟ್ಟಿತು. ಕೂದಲು ಸುಟ್ಟ ವಾಸನೆ ಬಂತು. ಬೂದಿಯನ್ನು ಬೆರಳಲ್ಲಿ ಉಜ್ಜಿದ, ಪುಡಿಯಾಯಿತು. ನಕಲಿ ನೂಲಾಗಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತಿತ್ತು.

"ಅಸಲಿ, ಕಾಳಣ್ಣ. ನೂರಕ್ಕೆ ನೂರು ಅಸಲಿ. ಈ ಸೀರೆ ಕಂಪ್ನಿ ಷೇರೇ ತಗೋತೀನಿ."

"ಸೀರೆ ನೋಡಿ ಹೆಣ್ ತರೋರ್ನ ಕಂಡಿದ್ದೆ. ಸೀರೆ ಸುಟ್ಟು ಷೇರ್ ತರೋನು ನೀನೇ ಮೊದಲು ಕಣ್ಲಾ" ಎಂದೆ ನಾನು.

ಅವನು ನಗಲಿಲ್ಲ. ಅವನ ಹೆಂಡತಿ ಇಸ್ಮತ್‌ಗೆ ಉಬ್ಬಸ. ಮನೆಯೂ ನೂಲು ಬಿಚ್ಚುವ ಕೊಟ್ಟಿಗೆಯೂ ಒಂದೇ ಸೂರಿನಡಿ. ಬಿಸಿನೀರಿನ ಹಬೆ, ಬೆಂದ ಹುಳದ ನಾತ, ಸೌದೆಯ ಹೊಗೆ, ಎಲ್ಲ ಆ ಎದೆಯೊಳಗೆ ಇಳಿದು ಕೂತಿದ್ದವು. ಈ ಕಸುಬು ಬಿಟ್ಟು ಮಾಗಡಿಯಲ್ಲಿ, ಮಗಳು ಅನೀಸಾಳ ಬೀದಿಯಲ್ಲೇ ಒಂದು ಪುಟ್ಟ ಮನೆ ಮಾಡಿ ಇಬ್ಬರೂ ಅಲ್ಲಿರಬೇಕು ಅನ್ನುವುದು ಅವನ ಆಸೆ. ಕೂಡಿಟ್ಟಿದ್ದು ಇತ್ತು. ಆದರೆ ಅವನು ಕೂಡಿಸುವುದಕ್ಕಿಂತ ಬೇಗ ಅಲ್ಲಿನ ಜಾಗದ ಬೆಲೆ ಏರುತ್ತಿತ್ತು.

ಚನ್ನಪಟ್ಟಣದಲ್ಲಿ ಗೊಂಬೆ ಅಂಗಡಿಯ ಮಹಡಿಯ ಮೇಲೆ ಅಶೋಕ್ ಎಂಬುವನು ಭಾನುವಾರ ಕೂತು, ಕೇಳಿದವರಿಗೆ ಷೇರು, ಬಾಂಡು ಅಂತ ಬುದ್ಧಿ ಹೇಳುತ್ತಿದ್ದ. ಅದಕ್ಕೇ ಜನ ಅವನನ್ನು ಮೇಷ್ಟ್ರು ಅನ್ನುತ್ತಿದ್ದರು. ವಹಾಬ್ ನನ್ನನ್ನೂ ಕರೆದುಕೊಂಡು ಹೋದ. ಬೆಂಚಿನ ಮೇಲೆ ನಮಗಿಂತ ಮುಂಚೆ ಇಬ್ಬರಿದ್ದರು.

ಬೈರಾಪಟ್ಟಣದ ಮುನಿತಾಯಮ್ಮ ಕುರಿ ಮಾರಿ ಬಂದಿದ್ದಳು. "ಅಲ್ಲ ಮಗ, ಈ ಬಾಂಡು ಅನ್ನೋದು ಕುರಿ ಹಂಗೆ ರೋಗ ಬಂದು ಸಾಯಕಿಲ್ವಂತೆ, ದಿಟ್ವಾ?"

"ಸರ್ಕಾರದ್ದು ಸಾಯಕಿಲ್ಲ ಕಣಮ್ಮ. ಆದ್ರೆ ಮರೀನೂ ಜಾಸ್ತಿ ಹಾಕಕಿಲ್ಲ."

"ಹಾಕ್ದಿದ್ರೆ ಬುಡು. ಕಾಯೋ ಕೆಲ್ಸ ತಪ್ತು."

ಗೊಂಬೆ ಕಡೆಯುವ ನಿಯಾಜ್, ಡಾಲರ್ ಏರುತ್ತಿದೆಯಲ್ಲ, ಗೊಂಬೆ ಹೊರದೇಶಕ್ಕೆ ಕಳಿಸುವ ಕಂಪನಿಯ ಷೇರು ಕೊಂಡರೆ ಹೇಗೆ ಎಂದು ಕೇಳಿದ. "ಡಾಲರ್ ಏರಿದ್ಮೇಲೆ ನಿನ್ ಕೂಲಿ ಏರ್ತಾ ನಿಯಾಜಣ್ಣ?" ಎಂದ ಅಶೋಕ್. "ನನ್ ಬೆನ್ನುನೋವು ಏರ್ತು" ಎಂದ ನಿಯಾಜ್. ಮುನಿತಾಯಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ವಹಾಬನ ಸರದಿ ಬಂತು. ಅಶೋಕ್ ಫೋನಿನಲ್ಲಿ ಆ ಸೀರೆ ಕಂಪನಿಯ ಲೆಕ್ಕ ತೆಗೆದು ಬಹಳ ಹೊತ್ತು ನೋಡಿದ.

"ಯಜಮಾನ್ರೇ, ಇವ್ರು ಡಾಲರಲ್ಲಿ ಸಾಲ ಎತ್ತವ್ರೆ. ನೂಲೂ ಚೀನಾದಿಂದ ತರಿಸ್ತಾರೆ, ಅದಕ್ಕೂ ಡಾಲರೇ ಕೊಡ್ಬೇಕು. ಡಾಲರ್ ಏರಿದ್ರೆ ಎರಡು ಕಡೆಯಿಂದ್ಲೂ ಹೊಡ್ತ. ಅರ್ಧ ದುಡ್ಡು ಬಾಂಡಲ್ಲಿಡಿ. ಮಿಕ್ಕಿದ್ದು ನಾಲ್ಕು ಕಡೆ ಹಂಚಿ."

"ಸುಟ್ಟು ನೋಡಿದೀನಿ ಮೇಷ್ಟ್ರೇ. ಅಸಲಿ ಐತೆ."

"ರೇಷ್ಮೆ ಅಸಲೀನೇ. ಯಾವ ದೇಶದ್ದು ಅಂತ ಬೂದಿ ಹೇಳ್ತದಾ? ಸಾಲ ಎಷ್ಟೈತೆ ಅಂತ ಹೇಳ್ತದಾ?"

ವಹಾಬ್ ಎದ್ದು ಮೆಟ್ಟಿಲು ಇಳಿದ. ಬಸ್ಸಿನಲ್ಲಿ ನನಗೆ ಹೇಳಿದ, "ಆ ಹುಡ್ಗ ಕಾಗ್ದ ನೋಡ್ತಾನೆ, ನಾನು ಮಾಲ್ ನೋಡ್ತೀನಿ." ಇದ್ದದ್ದೆಲ್ಲವನ್ನೂ ಆ ಒಂದೇ ಕಂಪನಿಗೆ ಹಾಕಿದ. ನಾನು ಬೇಡವೆನ್ನಲಿಲ್ಲ, ಹಾಕು ಎನ್ನಲೂ ಇಲ್ಲ. ಮಾಲು ನೋಡಿ ಮನುಷ್ಯನನ್ನು ಅಳೆಯುವುದು ನಮ್ಮ ಮಾರುಕಟ್ಟೆಯ ರೂಢಿ. ಒಳ್ಳೆ ಗೂಡು ತಂದವನ ಮಾತೂ ಒಳ್ಳೆಯದೇ ಎಂದು ನಾವೆಲ್ಲ ನಂಬಿ ಬಾಳಿದವರು.

ದೀಪಾವಳಿವರೆಗೆ ಷೇರು ಏರಿತು. ಇಸ್ಮತ್ ಮಾಗಡಿಯ ಮನೆಗೆ ಕಿಟಕಿ ಎಲ್ಲಿರಬೇಕು ಎಂದು ನನ್ನ ಮುಂದೆ ಕೈಯಾಡಿಸಿ ತೋರಿಸಿದರು. "ಮೂಡಗಡೆ ಒಂದು, ತೆಂಕಗಡೆ ಒಂದು. ಗಾಳಿ ಹಿಂಗ್ ಬಂದು ಹಂಗ್ ಹೋಗ್ಬೇಕು, ಅಣ್ಣ."

ಸಂಕ್ರಾಂತಿ ಕಳೆದ ಮೇಲೆ ರೂಪಾಯಿ ಬಿತ್ತು, ಕಂಪನಿಯೂ ಬೀಳುತ್ತಾ ಹೋಯಿತು. ಮತ್ತೆ ಚನ್ನಪಟ್ಟಣಕ್ಕೆ ಹೋದೆವು. ಈ ಸಲ ಅಶೋಕ್ ಫೋನ್ ನೋಡಲೂ ಇಲ್ಲ.

"ಇವತ್ತೇ ಮಾರಿ. ಉಳಿದಷ್ಟಾದ್ರೂ ಕೈಗೆ ಬತ್ತದೆ."

"ಮಳೆ ಹಿಡ್ದಾಗ ಗೂಡಿನ ರೇಟು ಬೀಳಕಿಲ್ವಾ? ಬಿದ್ದಾಗ ತಗೊಂಡೋನೇ ಅಲ್ವಾ ಗೆದ್ದೋನು?"

"ಗೂಡು ನಾಳೆಗೆ ಬೇಕೇ ಬೇಕು ಯಜಮಾನ್ರೇ, ನಿಮ್ಮಂಥೋರ ಒಲೆ ಉರೀಬೇಕಲ್ಲ. ಈ ಕಾಗ್ದ ಯಾರ್ಗೂ ಬೇಕಾಗಿಲ್ಲ."

ಮನೆಯಲ್ಲಿ ಇಸ್ಮತ್ ಗೋಡೆಗೊರಗಿ ಕೂತು ಒಂದೊಂದೇ ಮಾತು ಎಳೆದರು. "ಆ ಹುಡ್ಗ ಹೇಳ್ದಂಗೆ... ಮಾಡ್ಬಿಡಿ... ಕೋಣೆ ಬಾಡಿಗೆಗಾದ್ರೂ... ಆಗುತ್ತೆ."

"ಬಾಡಿಗೆ ಕೋಣೇಲಿ ಕಿಟಕಿ ಯಾವ ಕಡೆ ಬೇಕು ಅಂತ ಯಾರನ್ನ ಕೇಳ್ತೀಯ? ಒಸಿ ತಡಿ, ಏರುತ್ತೆ" ಎಂದ ವಹಾಬ್. ಗದರಿದಂತೆ ಇರಲಿಲ್ಲ, ಬೇಡಿಕೊಂಡಂತೆ ಇತ್ತು. ಮಾರಲಿಕ್ಕೆಂದು ಒಣಗಿಸಿಟ್ಟಿದ್ದ ನೂಲನ್ನೆಲ್ಲ ಬಂದ ಬೆಲೆಗೆ ಕೊಟ್ಟು ಮತ್ತಷ್ಟು ಷೇರು ಕೊಂಡ.

ಹೋಳಿ ಹುಣ್ಣಿಮೆ ಹೊತ್ತಿಗೆ ಕಂಪನಿ ಸಾಲ ಕಟ್ಟಲಾಗದೆ ಕೈ ಎತ್ತಿತು. ಷೇರಿನ ವ್ಯವಹಾರವನ್ನೇ ನಿಲ್ಲಿಸಿದರು. ಮೂರನೇ ಸಲ ನಾವು ಆ ಬೆಂಚಿನ ಮೇಲೆ ಕೂತೆವು.

"ಇನ್ನು ಮಾರಕ್ಕೂ ಆಗಕಿಲ್ಲ ಯಜಮಾನ್ರೇ" ಎಂದ ಅಶೋಕ್.

"ಇವತ್ತು ಬೇಡ. ನಾಳೆ ಮತ್ತೆ ಹರಾಜಿಗೆ ಇಡ್ತಾರಲ್ಲ?"

ನಮ್ಮ ಮಾರುಕಟ್ಟೆಯಲ್ಲಿ ಹಾಗೆಯೇ. ರೇಟು ಒಪ್ಪದಿದ್ದರೆ ಅದೇ ಗೂಡನ್ನು ಮತ್ತೆ ಹರಾಜಿಗೆ ಇಡಬಹುದು. ಅಶೋಕ್ ಎದ್ದು ಬಂದು ವಹಾಬನ ಪಕ್ಕದಲ್ಲಿ ಕೂತ. "ಇದಕ್ಕೆ ನಾಳೆ ಅನ್ನೋದಿಲ್ಲ" ಎಂದ. ಆ ಹುಡುಗನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ವಹಾಬ್ ತನ್ನ ಅಂಗೈ ನೋಡಿಕೊಂಡ. ಬಿಸಿನೀರಿನಲ್ಲಿ ಬೆಂದು ಬೆಂದು ಬೆಳ್ಳಗೆ ಸುಕ್ಕಾದ ಬೆರಳುಗಳು. "ಅಸಲಿ ಇತ್ತು ಮೇಷ್ಟ್ರೇ" ಎಂದ, ಇನ್ನೊಮ್ಮೆ.

ಯುಗಾದಿಯ ಮುಂಚೆ ಇಸ್ಮತ್‌ರನ್ನು ಆಸ್ಪತ್ರೆಯಲ್ಲಿ ಮಲಗಿಸಬೇಕಾಯಿತು. ಹಬೆಯಿರುವ ಮನೆಗೆ ಮತ್ತೆ ಕಾಲಿಡಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಅನೀಸಾ ಬಂದಳು. ಅವಳ ಅತ್ತೆಮನೆಯಲ್ಲಿ ಅಡುಗೆಮನೆಯ ಆಚೆ ಒಂದು ಮಂಚ ಹಾಕುವಷ್ಟು ಜಾಗವಿದೆ, ಒಬ್ಬರಿಗೆ.

"ಅಬ್ಬಾ, ನೀವು?" ಎಂದು ಕೇಳಿದಳು.

"ನಾನ್ ಬಂದ್ರೆ ಒಲೆ ಯಾರ್ ಹಚ್ಚೋದು? ನಿಮ್ಮಮ್ಮನ ಔಷಧಿ ಎಲ್ಲಿಂದ ಬರೋದು?"

ಬಸ್ ಸ್ಟ್ಯಾಂಡಿಗೆ ಗಂಟನ್ನು ನಾನು ಹೊತ್ತೆ. ಇಸ್ಮತ್ ಗಂಡನ ತೋಳು ಹಿಡಿದು, ನಿಂತು ನಿಂತು ನಡೆದರು. ಬಸ್ಸು ಬಂದಾಗ ಅವರು ಹತ್ತುವ ಮುಂಚೆ ಹೇಳಿದ್ದು ಇಷ್ಟೇ. "ಹೊತ್ತಿಗೆ ಸರಿಯಾಗಿ ಊಟ ಮಾಡಿ. ಕಾಳಣ್ಣ ಇದಾರೆ, ಒಬ್ರೇ ತಿನ್ಬೇಡಿ."

ವಹಾಬ್ ಹೂಂ ಎಂದ. ಬಸ್ಸು ಮಾಗಡಿ ರಸ್ತೆಗೆ ತಿರುಗಿತು. ಕೊಟ್ಟಿಗೆಯಲ್ಲಿ ನೀರು ಕಾಯುತ್ತಿದೆ ಎಂದು ಅವನು ಬೇಗ ಬೇಗ ಮನೆ ಕಡೆ ನಡೆದ. ಇಸ್ಮತ್ ಮಾಗಡಿಗೆ ಹೋದದ್ದು ಒಂದು ಮಂಗಳವಾರ.