ತಿರುವಿನಿಂದ ಎರಡು ಮೈಲಿ ಆಚೆ

ಕೋಡಿ ಸ್ಟಿಡಮ್ ಆಂಬ್ಯುಲೆನ್ಸ್ ಸಿಬ್ಬಂದಿ. ಬಂಡೆ ತಿರುವಿನಲ್ಲಿ ಮಗುಚಿದ್ದ ಕಾರಿನಿಂದ ಹೆಂಗಸೊಬ್ಬಳನ್ನು ಹೊರಗೆಳೆಯುತ್ತಿದ್ದಾಗ ಕಲ್ಲಿದ್ದಲು ಲಾರಿ ಅವನ ಮೇಲೆ ಹರಿಯಿತು. ಹೆಂಗಸು ಬದುಕಿದಳು. ಆ ತಿರುವಿಗೆ ಅವನ ಹೆಸರಿಡುವ ಮಸೂದೆಯನ್ನು ಶಾಸಕ ಗ್ರೇಡಿ ಪ್ರೌಟ್ ಜನವರಿಯಲ್ಲಿ ಮಂಡಿಸಿದ. ಕೋಡಿಯ ತಾಯಿ ವಿಲ್ಮಾ ಬೇರೇನನ್ನೂ ಕೇಳಿರಲಿಲ್ಲ.

ಫೆಬ್ರವರಿಯಲ್ಲಿ ಪ್ರೌಟ್ ಫೋನ್ ಮಾಡಿದ.

"ವಿಲ್ಮಾ, ಒಂದು ತೊಡಕು. ಆ ತಿರುವು ಆಗಲೇ ರೇ ಟ್ರಿವೆಟ್ ಹೆಸರಲ್ಲಿದೆ. ವಿಯೆಟ್ನಾಂ ಯುದ್ಧದಲ್ಲಿ ಹೋದೋನು. ಒಂದೇ ಜಾಗಕ್ಕೆ ಎರಡು ಹೆಸರು ಇಡೋ ಹಾಗಿಲ್ಲ."

"ಅವನ ಬೋರ್ಡು ಸೇತುವೆ ಹತ್ರ ಇದೆಯಲ್ಲ, ಗ್ರೇಡಿ."

"ಬೋರ್ಡು ಅಲ್ಲಿದೆ. ಹೆಸರು ತಿರುವು ದಾಟಿ ಚರ್ಚ್ ತನಕ. ಏನ್ಮಾಡೋದು, ನಮ್ಮ ಕೌಂಟಿಲಿ ಇರೋದೇ ಒಂದು ಹೆದ್ದಾರಿ, ಸತ್ತೋರು ಜಾಸ್ತಿ. ಅವನ ತಂಗಿ ಓಪಲ್ ಬಿಟ್ಟುಕೊಟ್ರೆ ಮಾತ್ರ ಆಗುತ್ತೆ."

ಅದೇ ಮಧ್ಯಾಹ್ನ ವಿಲ್ಮಾ ಹೋದಳು. ಎಂಬತ್ತು ದಾಟಿದ ಓಪಲ್ ಅವಳನ್ನು ಒಲೆಯ ಪಕ್ಕ ಕೂರಿಸಿ ಕಾಫಿ ಕೊಟ್ಟಳು.

"ಪ್ರೌಟ್ ತಾನು ಬರೋಕೆ ಧೈರ್ಯ ಇಲ್ದೆ ನಿನ್ನ ಅಟ್ಟಿದಾನೆ. ಓಟಿನ ಟೈಮಲ್ಲಿ ಮಾತ್ರ ಅವನಿಗೆ ನಮ್ಮನೆ ಬಾಗಿಲು ಕಾಣೋದು."

"ಪೂರ್ತಿ ಬೇಡ, ಮಿಸ್ ಓಪಲ್. ತಿರುವು ಒಂದು ಸಾಕು. ಅರ್ಧ ಮೈಲಿನೂ ಇಲ್ಲ."

"ನಿನ್ನ ಮಗನ್ನ ಎಲ್ಲಿ ಮಣ್ಣು ಮಾಡಿದ್ರಿ?"

"ಚರ್ಚ್ ಹಿಂದೆ. ಅವರಪ್ಪನ ಪಕ್ಕ."

"ರೇ ಸಿಗಲೇ ಇಲ್ಲ ಕಣೆ. ಹೆಣದ ಪೆಟ್ಟಿಗೆನೂ ಬರ್ಲಿಲ್ಲ. ಅಮ್ಮ ಸಾಯೋವರೆಗೂ ಆ ರಸ್ತೆ ಬದಿಗೇ ಹೂ ಇಟ್ಟು ಬರ್ತಿದ್ಲು. ಅರ್ಧ ಮೈಲಿ ಕೊಡು ಅಂತೀಯಲ್ಲ, ಅವನ ಕೈ ಕೊಡ್ಲಾ, ಕಾಲು ಕೊಡ್ಲಾ?"

ವಿಲ್ಮಾ ಕಾಫಿ ಮುಗಿಸಿ ಎದ್ದಳು.

"ಬೈಕೋಬೇಡ, ಮಗಳೇ."

"ನಿಮ್ಮ ಜಾಗದಲ್ಲಿ ನಾನಿದ್ರೂ ಕೊಡ್ತಿರ್ಲಿಲ್ಲ."

ಮನೆಗೆ ಬಂದು ಅವಳು ಪ್ರೌಟ್‌ಗೆ ಫೋನ್ ಮಾಡಿ, ಮಸೂದೆ ಹಿಂದಕ್ಕೆ ತೆಗೆದುಕೊಳ್ಳಲು ಹೇಳಿದಳು.

"ತಿದ್ದುಪಡಿ ಆಗ್ಹೋಗಿದೆ, ವಿಲ್ಮಾ. ತಿರುವಿಂದ ಎರಡು ಮೈಲಿ ಆಚೆ, ಕಸದ ಗುಡ್ಡೆಯಿಂದ ಜೈಲಿನ ಗೇಟ್ ತನಕ. ನೇರ ರಸ್ತೆ, ಬೋರ್ಡು ದೂರದಿಂದ್ಲೇ ಕಾಣುತ್ತೆ."

"ಮತ್ತೆ ನನ್ನ ಯಾಕೆ ಆ ಮುದುಕಿ ಮುಂದೆ ಕೂರಿಸಿದ್ರಿ?"

"ಒಪ್ಪಿದ್ರೆ ಜಾಗ ಮಾತ್ರ ಮತ್ತೆ ತಿದ್ದೋಣ ಅಂತ. ಅಷ್ಟಕ್ಕೆ ಸಮಿತಿಗೆ ಹೋಗ್ಬೇಕಿಲ್ಲ."

"ಅಲ್ಲಿ ಕೋಡಿ ಒಂದು ದಿನಾನೂ ಕಾಲಿಟ್ಟೋನಲ್ಲ. ಅವನ ಹೆಸರು ಕಿತ್ತುಬಿಡಿ."

"ಬೇರೆ ಊರಿನೋರನ್ನೂ ಸೇರಿಸಿ ಹನ್ನೊಂದು ಜನರ ಹೆಸರು ಈಗ ಒಂದೇ ಮಸೂದೆಲಿ ಕಟ್ಟಿದಾರೆ. ಅಧಿವೇಶನ ಮುಗೀತಾ ಬಂತು. ಈಗ ಒಂದು ಕಿತ್ತು ಮತ್ತೆ ಸಮಿತಿಗೆ ಹೋದ್ರೆ ಹನ್ನೊಂದೂ ಬಿದ್ದುಹೋಗುತ್ತೆ. ಉಳಿದ ಮನೆಯೋರಿಗೆ ನೀವೇ ಹೇಳ್ತೀರಾ?"

"ಆ ತಿರುವು ಮುಂದೆ ಯಾವತ್ತಾದ್ರೂ ಕೋಡಿಗೆ ಸಿಕ್ಕಿದ್ರೆ..."

"ಒಬ್ಬರಿಗೆ ಒಂದೇ ರಸ್ತೆ. ಇದು ಪಾಸಾದ್ರೆ ಮುಗೀತು."

ಮತದಾನದ ದಿನ ಹನ್ನೊಂದು ಕುಟುಂಬಗಳನ್ನು ವಿಧಾನಸಭೆಯ ಗ್ಯಾಲರಿಯ ಮುಂದಿನ ಸಾಲುಗಳಲ್ಲಿ ಕೂರಿಸಿದ್ದರು. ವಿಲ್ಮಾಳ ಪಕ್ಕದ ಹೆಂಗಸು ಪೊಲೀಸ್ ಸಮವಸ್ತ್ರದ ಹುಡುಗಿಯ ಫೋಟೊ ಹಿಡಿದಿದ್ದಳು. ಕೆಳಗೆ ಸದಸ್ಯರು ಒಬ್ಬರಾದ ಮೇಲೊಬ್ಬರು ಮತ ಹಾಕುತ್ತಿದ್ದರು. ವಿರೋಧ ಯಾರದೂ ಇರಲಿಲ್ಲ.

"ನನ್ನ ಮಗಳು ಹೋದ ಜಾಗನೇ ಕೊಟ್ಟಿದಾರೆ, ಪುಣ್ಯಾತ್ಮರು," ಎಂದಳು ಅವಳು. "ನಿಮ್ಮೋರಿಗೂ ಹೋದ ಜಾಗನೇ ಸಿಕ್ತಾ?"

"ಹೂಂ," ಎಂದಳು ವಿಲ್ಮಾ.

ಕುಟುಂಬದವರು ಎದ್ದು ನಿಲ್ಲಬೇಕೆಂದು ಸಭಾಧ್ಯಕ್ಷ ಕೇಳಿಕೊಂಡ. ಆ ಹೆಂಗಸು ಕೈ ನೀಡಿದಳು. ವಿಲ್ಮಾ ಅದನ್ನು ಹಿಡಿದು ಎದ್ದು ನಿಂತಳು.