ಗುಂಡಪ್ಪನ ಭಾರ

ಮಸ್ಕತ್ತಿನ ವಿಮಾನ ನಿಲ್ದಾಣದಲ್ಲಿ ಸುತ್ತುವ ಪಟ್ಟಿಯ ಮೇಲೆ ಎಲ್ಲರ ಬ್ಯಾಗೂ ಬಂದವು, ಹೋದವು. ಜ್ಯೋತಿಯ ಹಸಿರು ಬ್ಯಾಗು ಮಾತ್ರ ಕಟ್ಟಕಡೆಗೆ ಬಂತು, ಅದೂ ಒಂದು ಚಕ್ರ ಮುರಿದುಕೊಂಡು. ಎರಡೂ ಕೈ ಹಾಕಿ ಜಗ್ಗಿದಳು, ಬರಲಿಲ್ಲ. ಬ್ಯಾಗಿನ ಜೊತೆ ತಾನೇ ನಾಲ್ಕು ಹೆಜ್ಜೆ ಓಡಿದಳು. ಯಾರೋ ಪುಣ್ಯಾತ್ಮ ಕೈಹಚ್ಚಿ ಇಳಿಸಿಕೊಟ್ಟು, ಇದರಲ್ಲೇನು ಕಲ್ಲು ತುಂಬಿದ್ದೀರಾ ಎಂದು ಹಿಂದಿಯಲ್ಲಿ ಕೇಳಿದ. ಜ್ಯೋತಿಗೆ ಮೈಯೆಲ್ಲ ಉರಿಯಿತು. ಯಾಕೆಂದರೆ ಅದರಲ್ಲಿದ್ದದ್ದು ಕಲ್ಲೇ.

ಬನವಾಸಿಯ ಮನೆಯ ಒರಳಿನ ಗುಂಡುಕಲ್ಲು, ಒಂಬತ್ತು ಕಿಲೊ. ಅದನ್ನು ಹೊರಿಸಿದ ಅವ್ವ ಗುರುಶಾಂತವ್ವ ಮೊಣಕಾಲು ನೀವಿಕೊಳ್ಳುತ್ತ ಕಂಬಕ್ಕೊರಗಿ ನಿಂತಿದ್ದಳು. ಸಾವಕಾಶ ಎಳಿ, ಗುಂಡಪ್ಪಗ ಪೆಟ್ಟಾದೀತು ಎಂದು ಅಲ್ಲಿಂದಲೇ ಉಪದೇಶ ಬೇರೆ. ಮಗಳ ರಟ್ಟೆ ಕಿತ್ತುಬಂದರೆ ಕೇಳುವವರಿಲ್ಲ.

ಆ ಕಡೆಯ ಮನೆಗಳಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಕೂಸಿಗಿಂತ ಮೊದಲು ಗುಂಡುಕಲ್ಲು ಮಲಗಬೇಕು. ಅದಕ್ಕೆ ಎಣ್ಣೆ ಹಚ್ಚಿ, ಕುಲಾಯಿ ತೊಡಿಸಿ, ಗುಂಡಪ್ಪ ಎಂದು ಕರೆದು ತೂಗುತ್ತಾರೆ, ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಎಂದು. ಆಮೇಲೆ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುತ್ತಾಳೆ. ಜ್ಯೋತಿಯ ತಮ್ಮ ಶರಣ ಮಸ್ಕತ್ತಿನಲ್ಲಿ ಕ್ರೇನ್ ನಡೆಸುತ್ತಾನೆ. ಅವನ ಹೆಂಡತಿ ಸಂಹಿತಾ ಹೆತ್ತು ಹನ್ನೆರಡು ದಿನವಾಗಿತ್ತು, ನಾಳೆ ಬೆಳಿಗ್ಗೆ ತೊಟ್ಟಿಲು. ಇರುವ ಒಬ್ಬಳೇ ಸೋದರತ್ತೆ ಜ್ಯೋತಿ.

ಅಲ್ಲೇನು ಕಲ್ಲಿಗೆ ಬರವೇ, ಊರಿನ ಸುತ್ತ ಬರೀ ಕಲ್ಲುಗುಡ್ಡವಂತೆ, ಒಂದು ತೊಳೆದಿಟ್ಟರಾಯಿತು ಎಂದು ಜ್ಯೋತಿ ಹೊರಡುವ ಮೊದಲು ಬಾಯಿ ನೋಯುವಷ್ಟು ಹೇಳಿದ್ದಳು. ಅವ್ವ ಕೇಳಿದರೆ ತಾನೇ! ಅಪ್ಪ ಪರಮೇಶ್ವರಪ್ಪ ಬ್ಯಾಗನ್ನು ಶಿರಸಿಯ ಅಡಿಕೆ ವಖಾರಿಗೆ ಒಯ್ದು ತೂಗಿಸಿ, ಮೂವತ್ತು ಕಿಲೊಕ್ಕೆ ಒಂದು ಗುಂಜಿಯೂ ಹೆಚ್ಚಿಲ್ಲ ಎಂದು ಎದೆ ತಟ್ಟಿ ಹೇಳಿದ. ಯಲ್ಲಾಪುರದಲ್ಲಿ ಚಹಾಕ್ಕೆ ಇಳಿದಾಗ ಅವ್ವ ಬಾಣಂತಿಗೆಂದು ಎರಡು ಬಾಟ್ಲಿ ಜೇನುತುಪ್ಪ ಕೊಂಡು ಅದೇ ಬ್ಯಾಗಿಗೆ ತುರುಕಿದಳು. ಗೋವೆಯ ನಿಲ್ದಾಣದಲ್ಲಿ ತೂಕ ಮೀರಿತು. ಸಾಲಿನಲ್ಲಿ ನಿಂತ ಜನವೆಲ್ಲ ನೋಡುತ್ತಿರುವಾಗ ಬ್ಯಾಗು ಬಿಚ್ಚಿ ತೆಗೆದದ್ದು ಏನನ್ನು? ಬೀಳ್ಕೊಡಲು ಬಂದಿದ್ದ ಅಪ್ಪನ ಕೈಗೆ ವಾಪಸು ಹೋದವು ಜ್ಯೋತಿಯ ಎರಡು ಇಳಕಲ್ ಸೀರೆ ಮತ್ತು ಹೊಸ ಚಪ್ಪಲಿ. ಗುಂಡಪ್ಪ ಜಪ್ಪೆನ್ನಲಿಲ್ಲ.

ಖಡಾಖಂಡಿತ ಬೇಡ ಎನ್ನಲು ಮಾತ್ರ ಜ್ಯೋತಿಗೆ ಬಾಯಿ ಬಂದಿರಲಿಲ್ಲ. ಎರಡು ವರ್ಷದ ಹಿಂದೆ ಶರಣನ ಮೊದಲ ಮಗುವಿನ ತೊಟ್ಟಿಲು ಫೋನಿನಲ್ಲೇ ಆಗಿತ್ತು, ಇವರಿಗೆ ವೀಸಾ ಸಿಕ್ಕಿರಲಿಲ್ಲ. ಇಲ್ಲಿ ಗುಂಡುಕಲ್ಲಿಲ್ಲವಲ್ಲ, ಏನು ಮಾಡಲಿ ಎಂದು ಸಂಹಿತಾ ಕೇಳಿದಾಗ, ನೀರಿನ ಬಾಟ್ಲಿಗೇ ಕುಲಾಯಿ ಹಾಕಿ ಮಲಗಿಸಿಬಿಡು, ಏನಾಗುತ್ತದೆ ಎಂದವಳು ಈ ಸೋದರತ್ತೆಯೇ. ಎಲ್ಲರೂ ನಕ್ಕಿದ್ದರು. ಕೂಸು ಹತ್ತೊಂಬತ್ತು ದಿನ ಬಾಳಿತು. ಹೃದಯದಲ್ಲಿ ತೂತಿತ್ತು ಎಂದು ಡಾಕ್ಟರು ಬರೆದುಕೊಟ್ಟರು. ಅವ್ವ ಆ ಬಾಟ್ಲಿಯ ಮಾತನ್ನು ಇವತ್ತಿನವರೆಗೂ ಎತ್ತಿಲ್ಲ. ಎತ್ತಿ ಬೈದಿದ್ದರೆ ಜಗಳವಾಡಿಯಾದರೂ ಹಗುರಾಗಬಹುದಿತ್ತು. ಬೈಯುವ ಬದಲು ಕಲ್ಲು ಹೊರಿಸಿ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದು ಜ್ಯೋತಿ ಹಲ್ಲು ಕಚ್ಚಿಕೊಂಡು ಟ್ರಾಲಿ ದೂಡಿದಳು. ಆ ಹಾಳು ಟ್ರಾಲಿಯೋ, ಬಲಕ್ಕೆ ತಿರುಗಿಸಿದರೆ ಎಡಕ್ಕೆ ಹೋಗುತ್ತಿತ್ತು.

ಹೊರಬಾಗಿಲಿಗೆ ಇನ್ನಿಪ್ಪತ್ತು ಹೆಜ್ಜೆ ಇದೆ ಎನ್ನುವಾಗ ಕಸ್ಟಮ್ಸಿನವರು ಬ್ಯಾಗನ್ನು ತಪಾಸಣೆಯ ಯಂತ್ರದೊಳಗೆ ಹಾಕಿಸಿದರು. ಪರದೆಯ ಮೇಲೆ ಒಂದು ಕರಿ ಉಂಡೆ ಮೂಡಿತು. ಅಧಿಕಾರಿ ಬಿಚ್ಚಿ ಎಂದ. ಖಡಕ್ ರೊಟ್ಟಿ, ಅಂಟಿನುಂಡಿ, ಜೇನುತುಪ್ಪ ಎಲ್ಲ ಮೇಜಿನ ಮೇಲೆ ಸಾಲಾಗಿ ಬಂದವು. ಕೊನೆಗೆ ಕೌದಿಯೊಳಗಿಂದ ಕೆಂಪು ಕುಲಾಯಿ ತೊಟ್ಟ ಗುಂಡಪ್ಪ ಬಂದ. ಅಧಿಕಾರಿ ಕುಲಾಯಿ ತೆಗೆದು ಎಣ್ಣೆಗಪ್ಪು ಕಲ್ಲನ್ನು ನೋಡಿದ, ಅದರ ಮೇಲಿನ ವಿಭೂತಿ ಪಟ್ಟೆ ನೋಡಿದ, ಜ್ಯೋತಿಯ ಮುಖ ನೋಡಿದ. ಹಳೇ ವಿಗ್ರಹವೇ, ಮಾರಲು ತಂದಿದ್ದೇ ಎಂದು ಹಿಂದಿಯಲ್ಲಿ ವಿಚಾರಿಸಿದ.

ಚಟ್ನಿ ಅರೆಯುವ ಕಲ್ಲು ಎಂದಳು ಜ್ಯೋತಿ. ಹಾಗಾದರೆ ಟೊಪ್ಪಿಗೆ ಯಾಕೆ? ಧಾರಾವಾಹಿ ನೋಡಿ ಕಲಿತ ಹಿಂದಿಯಲ್ಲಿ, ಮೊದಲು ಇದು ಕೂಸು, ಆಮೇಲೆ ಕೂಸು ಕೂಸು ಎಂದು ವಿವರಿಸಿದಳು. ಹೇಳಿದಷ್ಟೂ ಗೋಜಲಾಯಿತು. ಅವನು ಪಕ್ಕದ ಮೇಜಿನ ಹೆಂಗಸನ್ನು ಕರೆದು ತೋರಿಸಿದ, ಅವಳೂ ಹುಬ್ಬೇರಿಸಿದಳು. ಕೊನೆಗೆ ಅವನು, ಕಲ್ಲು ಇಲ್ಲಿರಲಿ, ತಿಳಿದವರು ನೋಡಬೇಕು, ರಸೀದಿ ಕೊಡುತ್ತೇನೆ, ಭಾನುವಾರ ಬಂದು ಒಯ್ಯಿರಿ ಎಂದ. ಇವತ್ತು ಗುರುವಾರ.

ಇನ್ನು ಅವ್ವ ಇಲ್ಲೇ ಕೂತು ರಂಪ ಮಾಡುತ್ತಾಳೆ, ಅದನ್ನೂ ನಾನೇ ನಿಭಾಯಿಸಬೇಕು ಎಂದು ಜ್ಯೋತಿ ಸಾಕಾಗಿ ತಿರುಗಿದಳು. ಗುರುಶಾಂತವ್ವ ರೊಟ್ಟಿಯ ಗಂಟನ್ನು ತಣ್ಣಗೆ ಕಟ್ಟುತ್ತಿದ್ದಳು.

"ಬಿಡೂದೋ ಒಯ್ಯೂದೋ, ನೀನ ಹೇಳು," ಎಂದಳು.

"ನನ್ನ ಯಾಕ ಕೇಳ್ತಿ? ನಿನಗ ಬೇಕಂತ ತಂದದ್ದು."

"ನನಗ ಬೇಕಾಗಿಲ್ಲವಾ. ಆ ಕೂಸಿನ ಎದಿಯಾಗ ತೂತಿತ್ತು ಅಂತ ಡಾಕ್ಟರ್ ಹೇಳಿದ್ದನ್ನ ನಾ ಆವತ್ತ ನಂಬೀನಿ. ನಂಬದಾಕಿ ನೀನು. ಎರಡು ವರ್ಷಾತು, ಯಾರ ಮನೀ ಕೂಸನ್ನೂ ನೀ ಎತ್ತಿಕೊಂಡಿಲ್ಲ. ನಾಳೆ ತೊಟ್ಟಿಲಾಗ ಕಲ್ಲಿಲ್ಲಂದ್ರ ನಿನ್ನ ಬಾಯಿಂದ ಹೆಸರು ಹೊರಡೂದಿಲ್ಲ."

ಜ್ಯೋತಿಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ದಿನ ತಿಳಿದೂ ಬಾಯಿಬಿಡದ ಅವ್ವನ ಮೇಲೆ, ಅಷ್ಟು ಜನರೆದುರು ದಳದಳ ಇಳಿಯತೊಡಗಿದ ತನ್ನ ಕಣ್ಣೀರಿನ ಮೇಲೆ. ಕೊರಳಿನ ದುಪಟ್ಟಾ ಎಳೆದು ಒಂದು ತುದಿಯನ್ನು ಅವ್ವನ ಕೈಗೆ ಕೊಟ್ಟಳು, ಇನ್ನೊಂದನ್ನು ತಾನು ಹಿಡಿದಳು. ನಡುವೆ ಗುಂಡಪ್ಪನನ್ನು ಮಲಗಿಸಿ ಕುಲಾಯಿ ಸರಿಮಾಡಿ, ಅಧಿಕಾರಿಯ ಮೇಜಿನ ಮುಂದೆಯೇ ಜೋ ಜೋ ಎಂದು ತೂಗಿದಳು. ಒಂಬತ್ತು ಕಿಲೊ ಭಾರಕ್ಕೆ ದುಪಟ್ಟಾ ಚರಕ್ಕೆಂದಿತು. ಆಮೇಲೆ ಕಲ್ಲನ್ನು ಎತ್ತಿ ಮೇಜಿನ ಮೇಲಿಟ್ಟು, ಆ ಬರಿದಾದ ಜೋಳಿಗೆಗೆ ಕೈ ತೋರಿಸಿ, "ಅಬ್ ಬಚ್ಚಾ," ಎಂದಳು.

ಪಕ್ಕದ ಮೇಜಿನ ಹೆಂಗಸಿಗೆ ತಿಳಿಯಿತು. ಅವಳು ತನ್ನ ಎರಡೂ ಕೈ ಕಟ್ಟಿ ಕೂಸು ತೂಗುವ ಹಾಗೆ ತೂಗಿ ತೋರಿಸಿ, ಅಧಿಕಾರಿಗೆ ಅರಬ್ಬಿಯಲ್ಲಿ ಏನೋ ಹೇಳಿದಳು. ಅವನು ಕಲ್ಲನ್ನು ಇನ್ನೊಮ್ಮೆ ಹೊರಳಿಸಿ ನೋಡಿ, ಬ್ಯಾಗಿಗೆ ಹಾಕಿಕೊಂಡು ಹೋಗಿ ಎಂದ.

ಜ್ಯೋತಿ ಬ್ಯಾಗಿಗೆ ಹಾಕಲಿಲ್ಲ. ಟ್ರಾಲಿಯನ್ನು ಅವ್ವನೇ ದೂಡಿದಳು. ಹೊರಗೆ ಕಾಯುತ್ತಿದ್ದ ಶರಣ ಓಡಿಬಂದು, ಅಕ್ಕನ ಹೆಗಲಿಗೊರಗಿದ ಕಲ್ಲು ಕಂಡು ಕೈ ಚಾಚಿದ. ಭಾರ ಐತಿ, ಇತ್ತ ಕೊಡಕ್ಕಾ ಎಂದ.

"ಇದಿರಲಿ," ಎಂದಳು ಜ್ಯೋತಿ. "ಕೂಸು ಎಲ್ಲೈತಿ, ಮೊದಲ ಅಲ್ಲಿಗೆ ನಡಿ."