ಇಯರ್‌ಫೋನ್ ತೂತಿರುವ ಹಳೇ ಫೋನು

ನನಗೆ ಅರವತ್ತೊಂದು. ಮೊಬೈಲು ಬಂದಮೇಲೆ ಒಂದೇ ಒಂದು ಕರೆಯನ್ನೂ ನಾನೊಬ್ಬಳೇ ಕೇಳಿದವಳಲ್ಲ. ಮನೆಗೆಲ್ಲ ಇರುವುದು ಒಂದು ಫೋನು, ಅದು ನಮ್ಮ ಯಜಮಾನರದು. ಜೀವನ್ ಬಿಮಾ ನಗರದಲ್ಲಿ ಎಲ್ಲರೂ ಇವರನ್ನು ನಾಣಿ ಎನ್ನುತ್ತಾರೆ. ನಾನು ‘ರೀ’ ಎನ್ನುತ್ತೇನೆ, ಸಿಟ್ಟು ಬಂದರೆ ‘ರೀ ರೀ’. ಮೈಸೂರಿನಿಂದ ನನ್ನ ತಂಗಿ ಫೋನ್ ಮಾಡಿದರೆ ಸಾಕು, ಇವರು ಸ್ಪೀಕರ್ ಹಾಕಿ ಊಟದ ಮೇಜಿನ ಮೇಲಿಟ್ಟು ಪಕ್ಕದಲ್ಲೇ ಕೂರುತ್ತಾರೆ. ಅವಳು ಮಂಡಿ ನೋವು ಎಂದರೆ ಇವರು ಎಣ್ಣೆ ಹೇಳುತ್ತಾರೆ. ಅವಳು ಸೊಸೆಯನ್ನು ದೂರಿದರೆ ಇವರು ಸೊಸೆಯ ಪರ ವಾದಿಸುತ್ತಾರೆ. ನಾವು ಅಕ್ಕತಂಗಿ ಮನಸ್ಸು ಬಿಚ್ಚಿ ಯಾರನ್ನಾದರೂ ಬೈದು ಎಷ್ಟು ಕಾಲವಾಯಿತು! ನನಗೆ ನನ್ನದೇ ಫೋನು ಬೇಕಿತ್ತು, ಕಿವಿಗೆ ಸಿಕ್ಕಿಸಿಕೊಂಡು ನಾನೊಬ್ಬಳೇ ಕೇಳುವಂಥದ್ದು.

ಎಷ್ಟೋ ಹೊಸ ಫೋನುಗಳಲ್ಲಿ ಇಯರ್‌ಫೋನ್ ಚುಚ್ಚುವ ತೂತೇ ಇಲ್ಲವಂತೆ. ವೈರಿಲ್ಲದ್ದನ್ನು ಕಿವಿಯಲ್ಲಿಟ್ಟುಕೊಂಡರೆ ಅದು ನೇರ ಸಾರಿನ ಪಾತ್ರೆಗೇ ಬೀಳುತ್ತದೆ. ಗುರುವಾರ ಕಮರ್ಷಿಯಲ್ ಸ್ಟ್ರೀಟಿಗೆ ಬ್ಲೌಸ್ ಪೀಸಿಗೆಂದು ಹೋದವಳು ಹಾಗೇ ಶಿವಾಜಿನಗರಕ್ಕೆ ನಡೆದೆ. ಅಲ್ಲಿ ಹಳೇ ಮೊಬೈಲ್ ಮಾರುವ ಚಾಂದ್ ಪಾಷಾ ಅವರ ಹತ್ತಿರ ತೂತಿರುವ ಮಾಡೆಲ್ಲುಗಳಿದ್ದವು. ನನ್ನ ಕೈಯಲ್ಲಿ ಅವತ್ತು ಅಷ್ಟು ದುಡ್ಡಿರಲಿಲ್ಲ.

“ನಾಳೆ ನಮಾಜಿಗೆ ಮುಂಚೆ ಬಂದ್ಬಿಡಿ ಅಮ್ಮಾ,” ಎಂದರು. “ನಮಾಜ್ ಮುಗಿಸ್ಕೊಂಡು ಇದೆಲ್ಲ ಗರುಡಾಚಾರ್‌ಪಾಳ್ಯದ ಪಾರ್ಟಿಗೆ ಒಟ್ಟಿಗೆ ಕೊಟ್ಬಿಡ್ತೀನಿ. ಆಮೇಲೆ ಈ ಮಾಲು ಸಿಗಲ್ಲ.”

ನಾಳೆ ಎಂದರೆ ಶುಕ್ರವಾರ. ಅಂಗಡಿ ತೆಗೆಯುವುದು ಹನ್ನೊಂದಕ್ಕೆ. ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಹನ್ನೆರಡೂವರೆಗೆ ಚಾಂದ್ ಪಾಷಾ ಷಟರ್ ಎಳೆದು ಜುಮ್ಮಾ ನಮಾಜಿಗೆ ಹೊರಡುತ್ತಾರೆ. ರಾಹುವಿಗೂ ಜುಮ್ಮಾಗೂ ನಡುವೆ ನನ್ನ ಪಾಲಿಗೆ ಬಂದದ್ದು ಬರೀ ಅರ್ಧ ಗಂಟೆ.

ನಾನೊಬ್ಬಳೇ ಹೋಗಿದ್ದರೆ ರಾಹುವನ್ನು ಕೇಳುತ್ತಿದ್ದವರು ಯಾರು? “ಹಳೇ ಮಾಲು ಕೊಳ್ಳೋದು ನಿಂಗೇನು ಗೊತ್ತಾಗತ್ತೆ” ಎಂದು ಇವರೂ ಹೊರಟರು. ಹನ್ನೊಂದು ಮುಕ್ಕಾಲಿಗೇ ತಲುಪಿದೆವು. ಇವರು ಅಂಗಡಿಯ ಮೆಟ್ಟಿಲು ಹತ್ತಗೊಡಲಿಲ್ಲ.

“ಒಳಗೆ ಬನ್ನಿ ಸಾರ್,” ಎಂದು ಚಾಂದ್ ಪಾಷಾ ಕರೆದರು. “ರಾಹುಕಾಲ ತಾನೇ? ದುಡ್ಡು ಹನ್ನೆರಡರ ಮೇಲೆ ಕೊಡಿ. ನೋಡೋಕೇನು?”

“ನೋಡಿದ್ರೆ ಕೊಂಡ್ಕೊಂಡಂಗೇ,” ಎಂದು ಇವರು ನನ್ನನ್ನು ಫೋನುಗಳಿಗೆ ಬೆನ್ನು ಹಾಕಿಸಿ ನಿಲ್ಲಿಸಿದರು. ಹದಿನೈದು ನಿಮಿಷ ಎದುರಿನ ಸಮೋಸಾ ಅಂಗಡಿಯನ್ನು ನೋಡುತ್ತಾ ನಿಂತೆ. ಮೈಯೆಲ್ಲ ಉರಿಯುತ್ತಿತ್ತು.

ಹನ್ನೆರಡು ಹೊಡೆದದ್ದೇ ಒಳಗೆ ನುಗ್ಗಿದೆ. ಕುಂಕುಮದ ಭರಣಿಯಲ್ಲಿ ಬಚ್ಚಿಟ್ಟು ತಂದಿದ್ದ ಹೊಸ ಸಿಮ್ಮನ್ನು ಚಾಂದ್ ಪಾಷಾ ಒರೆಸಿ ಫೋನಿಗೆ ಹಾಕಿ, ಪರೀಕ್ಷೆಗೆಂದು ಇವರ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರು. ಆಗ ಶುರುವಾಯಿತು ನೋಡಿ ಇವರ ವಿಚಾರಣೆ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಕದ್ದದ್ದಲ್ಲ ತಾನೇ?

“ಇಪ್ಪತ್ತು ವರ್ಷದಿಂದ ಇದೇ ಜಾಗದಲ್ಲಿ ಕೂತಿದೀನಿ ಸಾರ್,” ಎಂದು ಚಾಂದ್ ಪಾಷಾ ಹಳೆಯ ಬಿಲ್ಲು, ಡಬ್ಬಿ ಎರಡನ್ನೂ ಮುಂದಿಟ್ಟರು. ಇವರು ಕನ್ನಡಕ ಏರಿಸಿ ಬಿಲ್ಲನ್ನು ಹಿಂದೆ ಮುಂದೆ ಓದಿದರು.

ಹನ್ನೆರಡೂ ಕಾಲಾಯಿತು. ನಾನು ಗಿಳಿಹಸಿರು ಕವರ್ ಆರಿಸಿದೆ. “ಕಪ್ಪು ತಗೊಳೇ, ಕೊಳೆ ಕಾಣಲ್ಲ” ಎಂದರು. ನಾನು ಗಿಳಿಹಸಿರನ್ನು ಬಿಡಲಿಲ್ಲ. ಪರದೆಗೆ ಗಾಜು ಅಂಟಿಸುವಾಗ “ಗುಳ್ಳೆ ಇದೆ” ಎಂದರು. ಪಾಪ, ಚಾಂದ್ ಪಾಷಾ ಅದನ್ನು ಕಿತ್ತು ಇನ್ನೊಂದು ಅಂಟಿಸಿದರು. “ಇಲ್ಲೂ ಇದೆ” ಎಂದರು ಇವರು. ಚಾಂದ್ ಪಾಷಾ ಗಡಿಯಾರ ನೋಡಿ ಜೇಬಿನಿಂದ ಟೋಪಿ ತೆಗೆದು ತಲೆಗಿಟ್ಟುಕೊಂಡರು.

“ರೀ ರೀ! ಸಾಕು ಬಾಯ್ಮುಚ್ಕೊಳಿ!” ಎಂದೆ. ರಸ್ತೆಯವರೂ ತಿರುಗಿ ನೋಡಿದರು. “ಕೊಡಿ ಪಾಷಾ ಅವ್ರೇ. ಗುಳ್ಳೆ ಇದ್ರೆ ಇರ್ಲಿ. ಗುಳ್ಳೆನೂ ನಂದೇ, ಫೋನೂ ನಂದೇ!”

ಚಾಂದ್ ಪಾಷಾ ಹೊಟ್ಟೆ ಹಿಡಿದುಕೊಂಡು ನಕ್ಕರು. ದುಡ್ಡು ಎಣಿಸಲೂ ಇಲ್ಲ, ಜೇಬಿಗಿಳಿಸಿದರು. “ಇಯರ್‌ಫೋನ್ ನನ್ ಕಡೆಯಿಂದ, ಬೋಣಿ ಗಿರಾಕಿ ನೀವು. ಮುಬಾರಕ್ ಅಮ್ಮಾ!” ಎನ್ನುತ್ತಾ ನಾವು ಇಳಿಯುವ ಮೊದಲೇ ಷಟರ್ ಅರ್ಧ ಎಳೆದಿದ್ದರು. ಬಗ್ಗಿಕೊಂಡು ಹೊರಗೆ ಬಂದೆವು.

ಬಸ್ಸಿನಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ನನಗೆ ಡ್ರೈವರಿನ ಹಿಂದಿನ ಸೀಟು ಸಿಕ್ಕಿತು, ಇವರಿಗೆ ಕೊನೆಯದು. ಎರಡೂ ಕಿವಿಗೆ ಇಯರ್‌ಫೋನ್ ಚುಚ್ಚಿಕೊಂಡೆ. ಖುಷಿಗೆ ಕಾಲು ಕುಣಿಯುತ್ತಿತ್ತು. ತಂಗಿಗೆ ಮಾಡೋಣ, ಮೊದಲು ಅವಳ ಸೊಸೆಯನ್ನು ಬೈಯೋಣ, ಆಮೇಲೆ ಇವರನ್ನು ಎಂದುಕೊಂಡು ನಂಬರು ಒತ್ತುತ್ತಿದ್ದೆ. ಬಸ್ಸು ಹಲಸೂರು ದಾಟುವಷ್ಟರಲ್ಲಿ ಫೋನೇ ಹೊಡೆದುಕೊಂಡಿತು. ನೋಡಿದರೆ ಇವರ ನಂಬರು.

“ಸುಬ್ಬೂ, ಕೇಳಿಸ್ತಿದೆಯಾ?”

“ಕೇಳಿಸ್ತಿದೆ. ಏನ್ರೀ?”

“ಏನಿಲ್ಲ. ಇನ್ಮೇಲೆ ನೀನು ಕಿವಿಗೆ ಅದನ್ನ ಹಾಕ್ಕೊಂಡು ರೂಮಿಗೆ ಹೋಗ್ಬಿಡ್ತೀಯ. ನಾನೊಬ್ನೇ ಕೂತಿರ್ಬೇಕು. ಅದಕ್ಕೇ ಕಣೇ ಅಂಗಡೀಲಿ ಬೇಕಂತಲೇ ಹೊತ್ತು ಎಳೆದೆ. ತಪ್ಪಾಯ್ತು.”

ನಾನು ಇಯರ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

“ಮುಖ ನೋಡ್ಕೊಂಡು ಹೇಳಕ್ಕಾಗಲ್ಲ ನಂಗೆ,” ಎಂದರು. “ನೀನಂದ್ರೆ ನಂಗೆ ಪ್ರಾಣ ಕಣೇ.”

ಮದುವೆಯಾಗಿ ಮೂವತ್ತೆಂಟು ವರ್ಷ. ಒಂದು ದಿನವೂ ಈ ಮಾತು ಬಂದಿರಲಿಲ್ಲ. ನನ್ನ ಕಿವಿಯೊಳಗೆ ಗುಟ್ಟಾಗಿಯೇ ಬಂತು. ಆದರೆ ಇವರಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡುವುದು ಎಲ್ಲಿ ಗೊತ್ತು? ಕೊನೆಯ ಸೀಟಿನಿಂದ ಕೂಗಿದ್ದು ಇಡೀ ಬಸ್ಸಿಗೆ ಕೇಳಿಸಿತ್ತು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿದ. ಪಕ್ಕದಲ್ಲಿ ಕೂತಿದ್ದ ಬುರ್ಖಾದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾ, ಇವಳು ಏನು ಹೇಳುತ್ತಾಳೋ ಎಂದು ನನ್ನನ್ನೇ ನೋಡುತ್ತಿದ್ದಳು. ಅಕ್ಕಪಕ್ಕದ ಸೀಟಿನ ಹೆಂಗಸರೆಲ್ಲ ಕತ್ತು ತಿರುಗಿಸಿದರು.

ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ.

“ರೀ, ಇನ್ನೊಂದ್ಸಲ ಹೇಳಿ,” ಎಂದೆ. “ಸ್ವಲ್ಪ ಜೋರಾಗಿ.”